ಇಳಿಯದ ಸೋಪು

ಮೂವತ್ತೊಂದು ವರ್ಷ ಹೆಡ್ ನರ್ಸ್ ಆಗಿದ್ದವರಿಗೆ ಕಿರಿಯರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಭೂತಗನ್ನಡಿ. ಮಂಚದ ಕಾಲಿನ ಹಿಂಬದಿಗೂ ಬೆರಳಾಡಿಸಿ ಧೂಳು ಹುಡುಕುವ ಜಾತಿ. ನಿವೃತ್ತಿಯಾದ ಮೇಲೆ ಆ ಕಾಟ ಸೊಸೆಯ ಅಡುಗೆಮನೆಗೆ ವರ್ಗವಾಗಿತ್ತು.

ಈಗ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಬೇರೊಂದು ಆಸ್ಪತ್ರೆಯ ಹನ್ನೆರಡು ಮಂಚದ ವಾರ್ಡಿನಲ್ಲಿ ಮಲಗಿದ್ದರು. ಎದುರಿಗೇ ಕೈ ತೊಳೆಯುವ ಬೇಸಿನ್ನು, ಗೋಡೆಗೆ ಸೋಪಿನ ಪಾರದರ್ಶಕ ಬಾಟಲಿ. ಕಳ್ಳರ ಮನೆ ಎದುರು ಪೊಲೀಸನಿಗೆ ಬಾಡಿಗೆ ಮನೆ ಸಿಕ್ಕ ಹಾಗಾಯಿತು.

ಮೂರನೇ ಮಂಚದ ಹೆಂಗಸಿನ ಹೊಲಿಗೆ ಕೀವು ಕಟ್ಟಿತು. ಎರಡು ದಿನಕ್ಕೆ ಏಳನೇ ಮಂಚದವಳಿಗೂ ಅದೇ ಗತಿ. ಭೂತಗನ್ನಡಿಯ ಅನುಮಾನ ಹೆಡೆಯೆತ್ತಿತು. ನಿದ್ದೆಯ ಸೋಗು ಹಾಕಿ, ಅರೆಗಣ್ಣಲ್ಲಿ ಕಾಯತೊಡಗಿದರು. ಎಳೆಯ ಡಾಕ್ಟರು ಬೇಸಿನ್ನಿನ ಮುಂದೆ ಒಂದು ಕ್ಷಣ ನಿಂತು ಹೊರಟ: ಬರೀ ನಾಟಕ. ನರ್ಸ್ ಕೈ ಒದ್ದೆ ಮಾಡಿಕೊಂಡು ಕೊಡವಿದಳು: ಕಣ್ಣೊರೆಸುವ ತಂತ್ರ. ನೆಲ ಒರೆಸುವವಳಂತೂ, ಮುಖ ನೋಡಿದರೇ ಸಾಕು, ಮೈಗಳ್ಳಿ.

"ನಿನ್ನ ಹುಬ್ಬಿನ ಪೆನ್ಸಿಲ್ ತಗೊಂಬಾ," ಎಂದರು ಸೊಸೆಗೆ.

"ಈ ವಯಸ್ಸಲ್ಲಾ, ಅತ್ತೆ?"

"ನನಗಲ್ಲ ಕಣೇ! ಆ ಬಾಟಲಿಲಿ ಸೋಪು ಎಲ್ಲಿವರೆಗಿದೆಯೋ ಅಲ್ಲಿ ಸಣ್ಣದೊಂದು ಗೆರೆ ಎಳಿ. ಯಾರಿಗೂ ಕಾಣಬಾರದು."

ಮೂರು ದಿನ ಕಳೆಯಿತು. ಸೋಪು ಗೆರೆಯಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ. ನಾಲ್ಕನೇ ಬೆಳಿಗ್ಗೆ ರೌಂಡ್ಸಿಗೆ ಎಲ್ಲರೂ ಬಂದಾಗ ಅವರಿಗೆ ತಡೆಯಲಾಗಲಿಲ್ಲ.

"ಮೂರು ದಿನದಿಂದ ನಿಮ್ಮಲ್ಲಿ ಒಬ್ಬರೂ ಸೋಪು ಮುಟ್ಟಿಲ್ಲ. ಸಾಕ್ಷಿ ಇದೆ!"

ನರ್ಸ್ ಮುಖ ಕೆಂಪಾಯಿತು. "ದಿನಕ್ಕೆ ನಲವತ್ತು ಸಲ ಒತ್ತೀನಿ ಅಮ್ಮಾ. ಬಂದ್ರೆ ತಾನೆ? ಪಂಪ್ ಕೆಟ್ಟಿದೆ. ಬರೀ ನೀರಲ್ಲೇ ತೊಳ್ಕೊತೀನಿ."

"ಹಾಗಾದ್ರೆ ಹೇಳಬಾರದಾ?"

"ಡಾಕ್ಟ್ರು ಹೇಳಿರ್ತಾರೆ ಅಂದ್ಕೊಂಡೆ."

"ನಾನು ಸಿಸ್ಟರ್ ಹೇಳಿರ್ತಾರೆ ಅಂದ್ಕೊಂಡೆ," ಎಂದ ಡಾಕ್ಟರು, ನೆಲ ನೋಡುತ್ತ.

ಮೂಲೆಯಿಂದ ನೆಲ ಒರೆಸುವವಳು ಬಾಯಿಬಿಟ್ಟಳು. "ನಾನು ಸ್ಟೋರಿಗೆ ಎರಡು ಸಲ ಹೋಗಿ ಹೇಳ್ದೆ. ಬಾಟಲಿ ತುಂಬ ಇದೆಯಲ್ಲ, ಇನ್ನೇನು ಬೇಕು, ನಡಿ ಅಂದ್ರು."

ಕೂಡಲೇ ಸೋಪಿನ ಬಿಲ್ಲೆ ಬಂತು, ಮಧ್ಯಾಹ್ನಕ್ಕೆ ಹೊಸ ಪಂಪು. ಏಳನೇ ಮಂಚದವಳು ಬೇಗ ಚೇತರಿಸಿಕೊಂಡಳು; ಮೂರನೆಯವಳ ಗಾಯವನ್ನು ಮತ್ತೊಮ್ಮೆ ಬಿಚ್ಚಿ ಹೊಲಿಯಬೇಕಾಯಿತು. ಕೀವಿಗೆ ಸೋಪೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಭೂತಗನ್ನಡಿಗೆ ಮಾತ್ರ ಅಂದು ಊಟ ಸೇರಲಿಲ್ಲ. ಮೂವತ್ತೊಂದು ವರ್ಷ ಇಂಥವರ ತಪ್ಪು ಹುಡುಕಿದ್ದುಂಟು, ಒಂದು ಮಾತು ಕೇಳಿದ್ದುಂಟೆ? ಸಂಜೆ ನೆಲ ಒರೆಸುವವಳನ್ನು ಹತ್ತಿರ ಕರೆದರು.

"ನೀನು ಹೇಳಿ ಯಾರೂ ಕಿವಿಗೆ ಹಾಕ್ಕೊಳ್ಳದೇ ಇರೋದು ಇನ್ನೂ ಏನಾದ್ರೂ ಇದೆಯಾ?"

ಆಕೆ ಬಾಗಿಲ ಕಡೆ ನೋಡಿದಳು, ಇವರ ಮುಖ ನೋಡಿದಳು. "ಯಾಕಮ್ಮಾ? ಯಾರಿಗೆ ಚಾಡಿ ಹೇಳೋಕೆ?"

"ಹೇಳೋದಾದ್ರೆ ನನ್ನ ಹೆಸರಲ್ಲೇ ಹೇಳ್ತೀನಿ."

ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಸ್ಟೂಲು ಎಳೆದುಕೊಂಡು ಕೂತಳು.

"ಮೊದಲು ಈ ಪರದೆ ನೋಡಿ," ಎಂದಳು. "ಇದನ್ನ ಒಗೆದಿದ್ದು ಯಾವಾಗ ಗೊತ್ತಾ?"