ಒಬ್ಬನಿಗಾಗಿ ಕರೆದ ಎಡಗೈ

ತೊಂಬತ್ತರ ದಶಕದ ಆ ದಿನಗಳಲ್ಲಿ ಅಮೆರಿಕದ ಅಟ್ಲಾಂಟಾ ಬಳಿಯ ಸುವಾನಿಯ ನಮ್ಮ ಮನೆಯಲ್ಲಿ ನನ್ನ ಎಡಗೈಗೆ ಮರ್ಯಾದೆಯೇ ಇರಲಿಲ್ಲ. ಪ್ರಸಾದಕ್ಕೆ ಅದು ಮುಂದೆ ಬಂದರೆ ಅಮ್ಮ ಮೆಲ್ಲಗೆ ಒಂದೇಟು ಹಾಕುತ್ತಿದ್ದರು. "ಬಲಗೈ ಕೊಡೋ, ಆಂಟಿ ನೋಡ್ತಿದಾರೆ." ನಾಲ್ಕು ಜನರ ನಡುವೆ ಕೂತಾಗ ಅದನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು.

ಅದಕ್ಕೆ ಬೆಲೆ ಬಂದದ್ದು ಬೇಸ್‌ಬಾಲ್‌ನಲ್ಲಿ. ಟಿವಿಯಲ್ಲಿ ಅಟ್ಲಾಂಟಾ ತಂಡದ ಆಟ ಬಂದಾಗ ನಾನು ಕಾಯುತ್ತಿದ್ದುದು ಚೆಂಡೆಸೆಯುವ ಒಬ್ಬ ಎಡಗೈ ಪಿಚರ್‌ಗಾಗಿ. ಆಟ ಕೈತಪ್ಪುವ ಹೊತ್ತಿನಲ್ಲಿ, ಎದುರಾಳಿಯ ಎಡಗೈ ಬ್ಯಾಟರ್ ಬಂದಾಗ, ಈ ಪಿಚರ್‌ನನ್ನು ಕರೆಯುತ್ತಿದ್ದರು; ಎಡಗೈ ಬ್ಯಾಟರ್‌ಗೆ ಎಡಗೈ ಎಸೆತ ಹೊಡೆಯುವುದು ಕಷ್ಟ. ಆ ಒಬ್ಬನನ್ನು ಔಟ್ ಮಾಡಿ ಅವನು ಒಳಗೆ ಹೋಗುತ್ತಿದ್ದ. ನನಗೆ ಹನ್ನೆರಡು ತುಂಬಿದ ವರ್ಷ ನಮ್ಮ ಕೋಚ್ ನನಗೂ ಅದೇ ಕೆಲಸ ಕೊಟ್ಟರು. ದಿನಾ ಸಂಜೆ ಹಿತ್ತಲಿನ ಬೇಲಿಗೆ ಚೆಂಡೆಸೆಯುತ್ತಿದ್ದೆ. ಎಷ್ಟು ತೊಳೆದರೂ ಕೈಯಿಂದ ಗ್ಲವ್‌ನ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ.

ಅಪ್ಪ ಡಾಕ್ಟರ್, ಮೈಸೂರಿನ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವರು. ಸೆಮಿಫೈನಲ್‌ಗೆ ಮೊದಲ ಸಲ ಬಂದರು, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬಿ ಹಿಡಿದುಕೊಂಡು. ಕೊನೆಗೆ ಕೋಚ್ ನನ್ನನ್ನು ಕರೆದರು. ಎದುರಾಳಿಯ ಎಡಗೈ ಬ್ಯಾಟರ್ ನನ್ನ ಎಸೆತಕ್ಕೆ ಔಟಾದ. ಕೋಚ್ ಬೆನ್ನು ತಟ್ಟಿ, ಚೆಂಡು ತೆಗೆದುಕೊಂಡು ಬೇರೆಯವನಿಗೆ ಕೊಟ್ಟರು. ನಾನು ಕುಣಿಯುತ್ತ ಬೆಂಚಿಗೆ ಬಂದರೆ ಅಲ್ಲಿ ಅಪ್ಪ ನಿಂತಿದ್ದರು.

"ಬ್ಯಾಗ್ ತಗೋ, ನಡಿ."

"ಗೇಮ್ ಇನ್ನೂ ಮುಗ್ದಿಲ್ಲ ಅಪ್ಪಾ. ದಟ್ಸ್ ಮೈ ಜಾಬ್."

"ಒಂದು ಓವರ್ ಕೂಡ ಹಾಕಕ್ಕೆ ಬಿಡ್ಲಿಲ್ಲ. ಎಲ್ಲರ ಮಕ್ಕಳೂ ಆಗ್ಲಿಂದ ಆಡ್ತಿದಾರೆ, ನನ್ನ ಮಗನ್ನ ಮಾತ್ರ ಕರೆದು ವಾಪಸ್ ಕಳಿಸ್ತಾರೆ. ನಮ್ಮನ್ನ ಏನಂದ್ಕೊಂಡಿದಾರೆ ಇವ್ರು?"

ಕೋಚ್ ಓಡಿಬಂದು ವಿವರಿಸಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರಿನಲ್ಲಿ ಪುಳಿಯೋಗರೆ ಡಬ್ಬಿ ನನ್ನ ಮಡಿಲಲ್ಲಿತ್ತು, ಮುಚ್ಚಳ ತೆಗೆಯಲಿಲ್ಲ. ನಮ್ಮ ತಂಡ ಗೆದ್ದಿತಂತೆ. ಅಪ್ಪ ಮತ್ತೆ ಆಡಲು ಕಳಿಸಲಿಲ್ಲ, ಫೈನಲ್ ದಿನ ನಾನು ಮ್ಯಾಥ್ಸ್ ಕ್ಲಾಸಿನಲ್ಲಿದ್ದೆ. ಮುಂದಿನ ವರ್ಷ ಗ್ಲವ್ ಹಳೇ ಸಾಮಾನಿನ ಜೊತೆ ಗ್ಯಾರೇಜ್ ಸೇಲ್‌ನಲ್ಲಿ ಹೋಯಿತು.

ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವಮಾನವಾಯಿತು ಅಂದುಕೊಂಡವರು ಅವರು, ಆಟ ಹೋದದ್ದು ನನ್ನದು. ಇಡೀ ತಂಡದಲ್ಲಿ ನನ್ನೊಬ್ಬನಿಂದಲೇ ಆಗುವ ಕೆಲಸ ಅದು. ನನ್ನನ್ನೇ ಒಂದು ಮಾತು ಕೇಳಬಹುದಿತ್ತು.

ಈಗ ಅಪ್ಪ ರಿಟೈರ್ ಆಗಿದ್ದಾರೆ, ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಪಿಚರ್ ಆದವನು ಕನಿಷ್ಠ ಮೂವರಿಗಾದರೂ ಎಸೆಯಬೇಕೆಂಬ ನಿಯಮ ಬಂದಿದೆ. ಮೊನ್ನೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ಒಬ್ಬನಿಗೋಸ್ಕರ ಅಂತ ಬರ್ತಿದ್ರಲ್ಲ ಲೆಫ್ಟಿಗಳು, ಎಂಥಾ ನಂಬಿಕೆ ಇರ್ತಿತ್ತು ಅವರ ಮೇಲೆ. ಪಾಪ, ಅವರ ಕೆಲಸಾನೇ ಕಿತ್ಕೊಂಡ್ಬಿಟ್ರು. ಅನ್ಯಾಯ."

ನಾನು ಅವರ ಮುಖವನ್ನೇ ನೋಡಿದೆ. ಅವರಿಗೆ ಏನೂ ನೆನಪಿರಲಿಲ್ಲ. ಅಷ್ಟರಲ್ಲಿ ಅಮ್ಮ ಪ್ರಸಾದ ತಂದರು. ಬಲಗೈ ಚಾಚಿದೆ. ಎಡಗೈ ಆಗಲೇ ತೊಡೆಯ ಕೆಳಗಿತ್ತು.