ಡಿಸ್ಕ್ ಇದೆ, ಕಾಣುತ್ತಿಲ್ಲ

ನನ್ನ ಕಂಪ್ಯೂಟರ್ ಕನ್ನಡದಲ್ಲಿದೆ. ತಿರುವನಂತಪುರದಲ್ಲಿ ಕೂತು ಹಾಗೆ ಮಾಡುವುದು ಎಂಥ ದುಬಾರಿ ಶೋಕಿ ಅಂತ ಹೋದ ವಾರ ಗೊತ್ತಾಯಿತು.

ಕನ್ನಡದಲ್ಲಿದೆ ಅಂದರೆ ಬರೀ ಟೈಪಿಂಗ್ ಅಲ್ಲ. ಮೆನು, ಸೆಟ್ಟಿಂಗ್ಸು, ‘ಮುಚ್ಚಿ’, ‘ರದ್ದುಮಾಡಿ’ ಎಲ್ಲ. ನಮ್ಮ ಯಜಮಾನರು ಇಲ್ಲಿನ ಕಡಲ ಪಕ್ಕದ ತುಂಬ ಅನ್ನುವ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಮೈಸೂರಿನಿಂದ ನನ್ನನ್ನು ಇಲ್ಲಿಗೆ ಕರೆತಂದವರೂ ಅವರೇ. ಅವರು ತೀರಿಕೊಂಡ ಮೇಲೆ ಮನೆಯ ಕನ್ನಡವೂ ಅವರ ಹಿಂದೆಯೇ ಹೋಯಿತು. ಹಾಲಿನವರಿಗೆ ಮಲಯಾಳ, ಬ್ಯಾಂಕಿಗೆ ಇಂಗ್ಲಿಷ್. ಕೊಚ್ಚಿಯಲ್ಲಿರುವ ಮಗಳನ್ನು ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. (ಜಗಳಕ್ಕೆ ಮಾತ್ರ ಇಂಗ್ಲಿಷ್.)

ಕಂಪ್ಯೂಟರಾದರೂ ನನ್ನ ಜೊತೆ ಕನ್ನಡ ಆಡಲಿ ಅಂತ ಭಾಷೆ ಬದಲಾಯಿಸಿಬಿಟ್ಟೆ. ಬೆಳಗ್ಗೆ ಆನ್ ಮಾಡಿದರೆ ‘ಸ್ವಾಗತ’ ಅನ್ನುತ್ತದೆ. ನಗಬೇಡಿ. ಇಡೀ ದಿನದಲ್ಲಿ ನನಗೆ ಕನ್ನಡದಲ್ಲಿ ಸ್ವಾಗತ ಹೇಳುವುದು ಅದೊಂದೇ.

ಹೋದ ವಾರ ಅವರ ತಿಥಿ ಇತ್ತು. ಮಗಳು ಬಂದಳು, ಊಟ ಮಾಡಿದಳು, ಸಂಜೆಯ ಟ್ರೇನಿಗೆ ವಾಪಸ್ ಹೋದಳು. ಮಾರನೇ ದಿನ ನನಗೆ ಅವರ ದನಿ ಕೇಳಬೇಕು ಅನ್ನಿಸಿತು. ಸುಮ್ಮನೆ ಅಲ್ಲ, ಅಳು ಬರುವಷ್ಟು ಅನ್ನಿಸಿತು.

ಅವರ ಬೀರುವಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ. ಹಳೇ ವಿಡಿಯೊಗಳನ್ನೆಲ್ಲ ಅದಕ್ಕೇ ತುಂಬಿಟ್ಟಿದ್ದರು. ಬೇರೆ ಕಾಪಿ ಇಲ್ಲ. ಕಂಪ್ಯೂಟರಿಗೆ ಚುಚ್ಚಿದೆ. ಸದ್ದು ಬಂತು, ಸಣ್ಣ ದೀಪ ಹತ್ತಿತು. ಆದರೆ ಒಳಗೆ ಹುಡುಕಿದರೆ ಡಿಸ್ಕೇ ಇಲ್ಲ! ಸಿ ಇದೆ, ಡಿ ಇದೆ, ಅಷ್ಟೆ. ತೆಗೆದು ಮತ್ತೆ ಚುಚ್ಚಿದೆ. ದೀಪ ಹತ್ತುತ್ತದೆ, ಮುಖ ಮಾತ್ರ ತೋರಿಸುವುದಿಲ್ಲ.

ರಿಪೇರಿಯವರನ್ನು ಕರೆಸಿದೆ. ಅವರು ಸ್ಕ್ರೀನ್ ನೋಡಿ, ಇದು ತೆಲುಗಾ ಅಂದರು. ಕನ್ನಡ ಅಂದೆ. ಇಂಗ್ಲಿಷಿಗೆ ಬದಲಾಯಿಸಿ ಕರೆಯಿರಿ ಚೇಚಿ (ಇಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ), ಇಲ್ಲವಾದರೆ ಡಿಸ್ಕ್ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ಎಲ್ಲ ಅಳಿಸಿ ಹೊಸದರ ಹಾಗೆ ಆಗುತ್ತದೆ ಅಂದರು. ಹೊಸದು ಯಾರಿಗೆ ಬೇಕಿತ್ತು? ಚಹಾ ಕೊಟ್ಟು ಕಳಿಸಿದೆ.

ಮಗಳಿಗೆ ಫೋನ್ ಮಾಡಿದೆ. ಕೊಚ್ಚಿಯ ಪಾಲಾರಿವಟ್ಟಂನ ಆಫೀಸಿನಲ್ಲಿ ಅವಳಿಗೆ ಊಟದ ಹೊತ್ತು. ಇಷ್ಟಕ್ಕೆಲ್ಲ ರಿಪೇರಿ ಯಾಕೆ, ಕಂಪ್ಯೂಟರಿನ ಒಳಗೇ ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಇರುತ್ತದೆ, ಸರ್ಚ್ ಮಾಡು ಅಂದಳು. ಮಾಡಿದೆ. ಬಂದದ್ದೇನು? ‘ಹಾರ್ಡ್ ಡಿಸ್ಕ್ ವಿಭಜನೆಗಳನ್ನು ರಚಿಸಿ ಮತ್ತು ಫಾರ್ಮ್ಯಾಟ್ ಮಾಡಿ.’

ಅದೇ ಫಾರ್ಮ್ಯಾಟ್! ಕೈ ಸುಟ್ಟವಳ ಹಾಗೆ ಮೌಸ್ ಬಿಟ್ಟೆ.

ಏನು ಬಂತೋ ಓದಿ ಹೇಳು ಅಂದಳು. ಓದಿದೆ. ‘ವಿಭಜನೆ’ ಅವಳಿಗೆ ಅರ್ಥವಾಯಿತು. (ಮಲಯಾಳದಲ್ಲೂ ಇದೆಯಲ್ಲ.) ಅದೇ ಸರಿಯಾದದ್ದು, ಒತ್ತು ಅಂದಳು. ಒಲ್ಲೆ ಅಂದೆ. ಅದು ಬರೀ ಹೆಸರು, ಒತ್ತಿದ ತಕ್ಷಣ ಏನೂ ಅಳಿಸುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಇಂಗ್ಲಿಷಿಗೆ ಬಂದಳು ಅಂದಮೇಲೆ ಸಿಟ್ಟು ಬಂದಿದೆ ಅಂತ ತಿಳಿಯಿತು. ಆದರೂ ಒಲ್ಲೆ. ಬಾಗಿಲ ಮೇಲೆ ‘ಒಳಗೆ ಬಂದರೆ ಕಡಿಯಲಾಗುವುದು’ ಅಂತ ಬರೆದಿದ್ದರೆ ನೀವು ಹೋಗುತ್ತೀರಾ?

ಕೊನೆಗೆ ಅವಳು ಹಿತ್ತಿಲ ದಾರಿ ಹಿಡಿಸಿದಳು. ವಿಂಡೋಸ್ ಗುರುತಿನ ಕೀ ಮತ್ತು ಆರ್ ಒಟ್ಟಿಗೆ ಒತ್ತಿಸಿದಳು. ಪುಟ್ಟ ಪೆಟ್ಟಿಗೆಯೊಂದು ಬಂತು. ಅದರಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದಳು: ಡಿ, ಐ, ಎಸ್, ಕೆ, ಎಂ, ಜಿ, ಎಂ, ಟಿ, ಚುಕ್ಕಿ, ಎಂ, ಎಸ್, ಸಿ. ಅವಳಿಗೆ ನಾನು ಅಆಇಈ ತಿದ್ದಿಸಲು ಕೂತದ್ದು ನೆನಪಾಯಿತು. ‘ಈ’ವರೆಗೆ ಬಂದು, ಶಾಲೆಯ ಹೋಂವರ್ಕಿನಲ್ಲಿ ನಿಂತುಹೋಗಿತ್ತು. ಅವಳು ಮಾತ್ರ ನನ್ನನ್ನು ಮುಗಿಯುವವರೆಗೆ ಬಿಡಲಿಲ್ಲ.

ತೆರೆಯಿತು. ನಾನು ಹೆದರಿ ಒತ್ತದೆ ಬಿಟ್ಟ ಆ ಕನ್ನಡದ ಸಾಲೂ ಇದೇ ಜಾಗಕ್ಕೆ ಕರೆತರುತ್ತಿತ್ತಂತೆ. ಒಳಗೆ ಎಲ್ಲ ಇಂಗ್ಲಿಷ್. ಕನ್ನಡ ಹೊಸ್ತಿಲಲ್ಲೇ ಉಳಿದಿತ್ತು. ಕೆಳಗಡೆ ನಮ್ಮ ಡಿಸ್ಕ್ ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ‘ಹೆಲ್ದಿ’ ಅಂತ ಬರೆದಿತ್ತು. ನಾನು ಸತ್ತೇಹೋಯಿತು ಅಂದುಕೊಂಡಿದ್ದೆ. ಅದಕ್ಕಿದ್ದ ಕೊರತೆ ಒಂದೇ: ಸಿ, ಡಿ ಅಂತ ಇರುವ ಹಾಗೆ ಕರೆಯಲು ಒಂದು ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಕಂಪ್ಯೂಟರ್ ಹೊರಗೆ ತೋರಿಸುವುದಿಲ್ಲವಂತೆ.

(ಈ ಫ್ಲ್ಯಾಟಿನಲ್ಲಿ ನನ್ನ ಕತೆಯೂ ಅದೇ. ಎಲ್ಲರಿಗೂ ನಮ್ಮ ಯಜಮಾನರು ‘ಸಾರ್’, ನಾನು ‘ಸಾರಿನ ಮಿಸಸ್’. ಈಗ ಸಾರೂ ಇಲ್ಲ.)

ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಒಂದು ಮೆನು. ಹೆಸರು ಕೊಡುವ ಸಾಲಿನ ಕೆಳಗೇ ಫಾರ್ಮ್ಯಾಟ್ ಹೊಂಚುಹಾಕಿ ಕೂತಿದೆ. ಮೌಸನ್ನು ಅಲ್ಲಿಗೇ ನಿಲ್ಲಿಸಿದೆ. ಮಗಳಿಗೆ ಹೇಗೆ ಗೊತ್ತಾಯಿತೋ, ದನಿ ಮೆತ್ತಗಾಯಿತು. “ಪದಿಯೆ ಮದಿ, ಅಮ್ಮಾ.” ನಿಧಾನವಾದರೂ ಸಾಕು ಅಂತ. ಅವಳ ಊಟದ ಹೊತ್ತು ಮುಗಿದುಹೋಗಿತ್ತು.

ಡಿಸ್ಕಿಗೆ ‘ಇ’ ಅಂತ ಹೆಸರು ಕೊಟ್ಟೆ. ಮರುಕ್ಷಣ ಅವರ ಫೋಲ್ಡರುಗಳೆಲ್ಲ ಬಂದು ನಿಂತವು. ಕೈಗೆ ಸಿಕ್ಕಿದ ಮೊದಲ ವಿಡಿಯೊ ತೆರೆದೆ. ತುಂಬದ ಕಡಲ ದಂಡೆ, ದೋಣಿಗಳು, ಇನ್ನೂ ಶಾಲೆಗೆ ಸೇರದ ನಮ್ಮ ಪುಟ್ಟಿ. ಕ್ಯಾಮೆರಾದ ಹಿಂದಿನಿಂದ ಅವರ ದನಿ: “ಏನು ನೋಡ್ತಿದೀಯಮ್ಮ?”

“ನೀರು ಬಂದು ಬಂದು ವಾಪಸ್ ಹೋಗ್ತಾ ಇದೆ. ಪಾಪ, ಅದಕ್ಕೆ ಮನೆ ಇಲ್ವಾ? ನಮ್ಮನೆಗೆ ಕರ್ಕೊಂಡು ಹೋಗೋಣ.”

ಎಷ್ಟು ಸ್ವಚ್ಛ ಕನ್ನಡ! ನಾನು ಸೆರಗು ಬಾಯಿಗೊತ್ತಿ ಕೂತೆ. ಫೋನ್ ಸ್ಪೀಕರಿನಲ್ಲೇ ಇತ್ತು. ಅಪ್ಪನ ದನಿಯನ್ನು ಮಗಳು ತಕ್ಷಣ ಗುರುತು ಹಿಡಿದಳು, ಬಿಕ್ಕಿದಳು.

ಆಮೇಲೆ ಕೇಳಿದಳು: “ಆ ಕುಟ್ಟಿ ಆರಾ, ಅಮ್ಮಾ?” ಅಪ್ಪನ ಜೊತೆ ಮಾತಾಡುತ್ತಿರುವ ಆ ಮಗು ಯಾರು ಅಂತ.

ಅದು ನೀನೇ ಕಣೇ ಅಂತ ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ?