ತುಂಬಿ ಬಂದ ಡಬ್ಬಿ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಮಕ್ಕಳ ಊಟದ ಡಬ್ಬಿ ತಪಾಸಣೆ ಮಾಡುತ್ತೇವೆಂದು ರಾಮನಗರದಲ್ಲಿ ಮಗಳು ಓದುವ ಶಾಲೆಯಿಂದ ಇಂಗ್ಲಿಷ್ ಪತ್ರ ಬಂದಾಗ, ಪೂರ್ತಿ ಓದದೆಯೇ ಠೀವಿಯಿಂದ ಸಹಿ ಹಾಕಿದ್ದೆ.

ಕಬ್ಬಾಳಿನ ದೇವಿಗೆ ಮರಿ ಕಡಿದು ಹರಕೆ ತೀರಿಸಿದ ಮರುದಿನ, ಅವ್ವ ಮೊಮ್ಮಗಳ ಡಬ್ಬಿಗೆ ಮುದ್ದೆ, ಬಾಡಿನ ಸಾರು ಹಾಕಿದಳು. ಸಂಜೆ ಡಬ್ಬಿ ತುಂಬಿದಂತೆಯೇ ಮರಳಿತು. ಮೇಲೊಂದು ಚೀಟಿ: ‘ಮಾಂಸ ತರುವಂತಿಲ್ಲ. ಪೋಷಕರು ಒಪ್ಪಿದ್ದಾರೆ.’

“ಯಾಕವ್ವಾ, ಉಣ್ನಿಲ್ವಾ?” ಎಂದಳು ಅವ್ವ.

“ಮಿಸ್ಸು ಮುಚ್ಚಳ ತೆಗ್ದು ಎಲ್ರಿಗೂ ತೋರ್ಸುದ್ರು, ಅಜ್ಜಿ.”

ಚೀಟಿ ಓದಿ ಹೇಳಿದೆ.

“ಯಾವನ್ಲಾ ಒಪ್ಪಿದ್ದು?”

“ನಾನೇ ಕಣವ್ವ.”

ಅವ್ವ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಮಗಳು ಡಬ್ಬಿಯನ್ನು ಮೂಸಿ ನೋಡಿಯೇ ಚೀಲಕ್ಕಿಡುತ್ತಾಳೆ. ಮೊನ್ನೆ ಜಡೆ ಹಾಕಲು ಬಂದ ಅಜ್ಜಿಯ ಕೈಯನ್ನೂ ಮೂಸಿದಳು.